ಬಲೆಯ ಕಣ್ಣು

ನಮ್ಮ ಕಡೆಯ ಇತಿಹಾಸವೆಂದರೆ ನಿಪ್ಪಾಣಿಯ ತಂಬಾಕು, ಉಗಾರದ ಸಕ್ಕರೆ, ಅಥಣಿಯ ಚಪ್ಪಲಿ. ಯಡೂರಿನಿಂದ ಕುಡಚಿಯವರೆಗೆ ಕೃಷ್ಣೆಯಲ್ಲಿ ಬಲೆ ಬೀಸಿ ಬದುಕಿದವರ ಮಾತನ್ನು ಯಾರೂ ಎತ್ತುವುದಿಲ್ಲ. ಮೀನುಗಾರಿಕೆಯ ಚರಿತ್ರೆಯೆಲ್ಲ ಕಡಲಿನದೆಂದೇ ನಮ್ಮ ಓದಿದವರ ತಿಳುವಳಿಕೆ.

ಕಡಲಿನ ಕಥೆ ದೊಡ್ಡದೇನೋ ನಿಜ. ಕರಾವಳಿಯಲ್ಲಿ ಹತ್ತಾರು ಜನ ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿಯ ಜಾಗಕ್ಕೆ ಯಂತ್ರದ ದೋಣಿಗಳು ಬಂದವು. ಟ್ರಾಲ್ ಬಲೆಯ ಜಾಣ್ಮೆ ಅದರ ಕಟ್ಟಿನಲ್ಲಿದೆ. ದೋಣಿ ಎಳೆದಂತೆ ಎರಡು ಹಲಗೆಗಳು ನೀರಿನ ಒತ್ತಡಕ್ಕೆ ಅತ್ತಿತ್ತ ಸರಿದು ಬಲೆಯ ಬಾಯಿ ಅಗಲಿಸುತ್ತವೆ. ಮೇಲಿನ ಹಗ್ಗಕ್ಕೆ ತೇಲುಬುರುಡೆ, ಕೆಳಗಿನದಕ್ಕೆ ಭಾರ. ಹಿಂದಿನ ಚೀಲದ ಕಣ್ಣು ವಜ್ರಾಕಾರದ್ದಾದರೆ ಎಳೆತಕ್ಕೆ ಮುಚ್ಚಿಕೊಂಡು ಮರಿಗಳೂ ಸಿಕ್ಕುತ್ತವೆ. ಅದೇ ಕಣ್ಣನ್ನು ಚೌಕವಾಗಿ ಕೂಡಿಸಿದರೆ ತೆರೆದೇ ಉಳಿದು ಮರಿ ಪಾರಾಗುತ್ತದೆ. 1957ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಂಥ ಲೆಕ್ಕಗಳಿಗೇ ವರ್ಷಗಟ್ಟಲೆ ದುಡಿದಿದೆ.

ಬೇಸಿಗೆಗೆ ಬಂಡೆ ತೋರುವ ನಮ್ಮ ಹೊಳೆಯಲ್ಲಿ ಇದನ್ನು ಎಳೆಯಲಾಗದು. ಆದರೆ ಕಣ್ಣಿನ ಲೆಕ್ಕ ಇಲ್ಲಿಯೂ ಅದೇ. ನೀರಿಗೆ ಅಡ್ಡ ಇಳಿಬಿಟ್ಟ ಬಲೆಯಲ್ಲಿ ಸಣ್ಣದು ತೂರಿಹೋಗುತ್ತದೆ, ತೀರ ದೊಡ್ಡದು ತಲೆಯನ್ನೇ ಹೊಗಿಸಲಾರದು. ನಡುವಿನ ಅಳತೆಯದು ಕಿವಿರಿಗೆ ಸಿಕ್ಕಿ ನಿಲ್ಲುತ್ತದೆ. ಹತ್ತಿ ನೂಲಿನ ಬಲೆಯನ್ನು ದಿನವೂ ಒಣಗಿಸದಿದ್ದರೆ ಕೊಳೆಯುತ್ತಿತ್ತು, ಹಾಗಾಗಿ ಹೊಳೆಗೂ ಅಷ್ಟು ಬಿಡುವು ಸಿಗುತ್ತಿತ್ತು. ನೈಲಾನು ಕೊಳೆಯುವುದಿಲ್ಲ, ಸಣ್ಣೆಳೆಯದಾದರೆ ನೀರಿನಲ್ಲಿ ಕಾಣುವುದೂ ಇಲ್ಲ. ಅಗ್ಗವಾದ ಮೇಲೆ ಸೊಳ್ಳೆಪರದೆಯಂಥ ಬಲೆಯೂ ಬಂತು. ಅದನ್ನು ಬಲೆ ಎನ್ನಲು ನನಗೆ ಮನಸ್ಸಿಲ್ಲ, ಅದು ಜರಡಿ.

ಬಲೆಯನ್ನಷ್ಟೇ ದೂರುವುದೂ ಸರಿಯಲ್ಲ. ಕರ್ನಲ್ ಸೈಕ್ಸ್ 1839ರಲ್ಲಿ ದಖ್ಖಣದ ಮೀನುಗಳನ್ನು ಹೆಸರಿಸಿದಾಗ ಅವುಗಳಲ್ಲಿ ಒಂದು ಮಹಶೀರ್ ಜಾತಿ. ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಈಜುವ ಮೀನು. ಕಲ್ಲೋಳ-ಯಡೂರಿನಂಥ ಬಾಂದಾರಗಳು ಹೊಲಕ್ಕೆ ನೀರು ನಿಲ್ಲಿಸಿದವು, ಅಂಥ ಮೀನಿನ ಹಾದಿಯನ್ನೂ ನಿಲ್ಲಿಸಿದವು. 2005ರ, 2019ರ ಮಹಾಪೂರಗಳಲ್ಲಿ ಹೊಳೆ ಅವುಗಳ ಮೇಲೆಯೇ ಹರಿದು, ದಾರಿ ಕೆಲವು ದಿನ ಮತ್ತೆ ತೆರೆಯಿತು. ಆಗ ಯಾವ ಮೀನು ಎಲ್ಲಿಯವರೆಗೆ ಏರಿತೆಂದು ದಡದ ಭೋಯಿಗಳನ್ನೂ ಅಂಬಿಗರನ್ನೂ ಕೇಳಿ ಬರೆದಿಡಬೇಕಿತ್ತು. ನಾವು ಮುಳುಗಿದ ಕಬ್ಬನ್ನು ಎಣಿಸುತ್ತಿದ್ದೆವು.