ಎಣ್ಣೆ ಉದುರಿಹೋದ ಪದ

ಕರಾವಳಿಯಿಂದ ಮುಂಬೈ ಬಳಿಯ ಡೊಂಬಿವಲಿಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಒಂದೇ ಎಣ್ಣೆಗೆ ಮೂರು ಹೆಸರಿದ್ದವು. ಊರಿನದು ಚಿಮಿಣಿ ಎಣ್ಣೆ, ಪಠ್ಯಪುಸ್ತಕದ್ದು ಸೀಮೆಎಣ್ಣೆ, ಇಲ್ಲಿನ ರೇಷನ್ ಅಂಗಡಿಯದು ರಾಕೇಲ್. ಮೊದಲನೆಯದು ಉರಿಯುವ ದೀಪವನ್ನು ನೋಡಿತು, ಎರಡನೆಯದು ಬಂದ ದಿಕ್ಕನ್ನು. ಹುಟ್ಟನ್ನು ಹಿಡಿದದ್ದು ಮರಾಠಿಯ ರಾಕೇಲ್ ಮಾತ್ರ. ‘ರಾಕ್ ಆಯಿಲ್’ ಜನರ ನಾಲಿಗೆಯಲ್ಲಿ ಸವೆದು ಹಾಗಾಯಿತು. ಗ್ರೀಕರ ಪೆಟ್ರಾ ಬಂಡೆ, ಲ್ಯಾಟಿನ್ನಿನ ಓಲಿಯಂ ಎಣ್ಣೆ. ಪೆಟ್ರೋಲಿಯಂ ಅಂದರೂ ಕಲ್ಲೆಣ್ಣೆಯೇ. ಅದಕ್ಕೆ ಕೆಮಿಕಲ್ ಸೇರುವಾಗ ಎಣ್ಣೆ ಉದುರಿಹೋಗಿ ಬಂಡೆಯಷ್ಟೇ ಉಳಿಯಿತು: ಪೆಟ್ರೋಕೆಮಿಕಲ್.

ಈ ಪದ ನಮ್ಮ ಸೀಮೆಗೆ ಕಾಲಿಟ್ಟದ್ದು 1960ರ ದಶಕದಲ್ಲಿ. 1966ರಲ್ಲಿ ಟ್ರಾಂಬೆಯ ಕಾರ್ಖಾನೆ, 1968ರಲ್ಲಿ ಥಾಣೆ–ಬೇಲಾಪುರ ರಸ್ತೆಯ ನೊಸಿಲ್ ಕಾರ್ಖಾನೆ. ನವಿ ಮುಂಬೈ ಎಂಬ ಊರು ಆಗಿನ್ನೂ ಹುಟ್ಟಿರಲಿಲ್ಲ. ಎರಡೂ ಕಡೆ ಇದ್ದದ್ದು ನಾಫ್ತಾ ಕ್ರ್ಯಾಕರ್. ಕಚ್ಚಾ ತೈಲದಿಂದ ಬೇರ್ಪಡಿಸಿದ ನಾಫ್ತಾವನ್ನು ಹಬೆಯೊಂದಿಗೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನ ಕೊಳವೆಗಳಲ್ಲಿ ಹಾಯಿಸುತ್ತಾರೆ. ಒಂದು ಸೆಕೆಂಡೂ ಹಿಡಿಯದು. ಉದ್ದನೆಯ ಅಣುಗಳು ಮುರಿದು ಎಥಿಲೀನ್, ಪ್ರೊಪಿಲೀನ್ ಆಗುತ್ತವೆ. ಬಚ್ಚಲಿನ ಬಕೆಟ್ಟು, ಹಾಲಿನ ಪ್ಯಾಕೆಟ್ಟು, ಅಕ್ಕಿಯ ಚೀಲ, ಎಲ್ಲವೂ ಅವುಗಳ ಸಂತಾನ.

ನಾಫ್ತಾ ಎಂಬುದು ಪಶ್ಚಿಮ ಏಷ್ಯಾದ ಬಹಳ ಹಳೆಯ ಮಾತು. 19ನೆಯ ಶತಮಾನದಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ಬಿಳಿ ಹರಳೊಂದು ಸಿಕ್ಕಾಗ ನಾಫ್ತಾದ ಹೆಸರನ್ನೇ ಹಿಗ್ಗಿಸಿ ನ್ಯಾಫ್ತಲೀನ್ ಅಂದರು. ಬೀರುವಿನ ಸೀರೆಗಳ ನಡುವೆ ನಾವಿಡುವ ನುಸಿಗುಳಿಗೆ ಅದೇ. ಅದರಿಂದ ತೆಗೆದ ಆಮ್ಲಕ್ಕೆ ಹೆಸರಿಡುವಾಗ ತಲೆಯನ್ನು ಕತ್ತರಿಸಿ ಥಾಲಿಕ್ ಎಂದರು. ಸಮೀಪದ ತಳೋಜಾದಲ್ಲಿ ಪೆಟ್ರೋಕೆಮಿಕಲ್ ಎಂಬ ಬೋರ್ಡಿನಡಿ ಥಾಲಿಕ್ ಅನ್‌ಹೈಡ್ರೈಡ್ ತಯಾರಾಗುತ್ತದೆ. ಬಣ್ಣಕ್ಕೆ ಬೇಕು, ಪಿವಿಸಿಯನ್ನು ಮೆತ್ತಗಾಗಿಸಲು ಬೇಕು. ಈಗ ಅದರ ಕಚ್ಚಾವಸ್ತು ಆರ್ಥೊಕ್ಸೈಲೀನ್. ನ್ಯಾಫ್ತಲೀನಿನ ನಂಟು ಕಳಚಿದರೂ ಹೆಸರು ಹಳೆಯ ಮನೆತನದ್ದೇ.

ಪೆಟ್ರೋ ಎಂಬುದು ಕೂಡ ಮನೆತನದ ಹೆಸರೇ, ಗುಣದ್ದಲ್ಲ. ಕಬ್ಬಿನ ಮದ್ಯಸಾರದಿಂದ ಮಾಡಿದ ಎಥಿಲೀನಿಗೂ ನಾಫ್ತಾದ ಎಥಿಲೀನಿಗೂ ಅಣುವಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕುಲ ಗೊತ್ತಾದರೆ ಸಾಲದು. ಸುಡುತ್ತದೆಯೇ, ಉಸಿರು ಕಟ್ಟಿಸುತ್ತದೆಯೇ, ನೀರು ಬಿದ್ದರೆ ಸಿಡಿಯುತ್ತದೆಯೇ ಎಂಬುದು ತಿಳಿಯಬೇಕು.

ಡೊಂಬಿವಲಿಯಲ್ಲಿ ಅಷ್ಟನ್ನೂ ಜನ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ಕೆಮಿಕಲ್. “ಇವತ್ತು ಕೆಮಿಕಲ್ ವಾಸನೆ ಜಾಸ್ತಿ, ಕಿಟಕಿ ಹಾಕು ಮಾರಾಯ್ತಿ.” 2014ರಲ್ಲಿ ಹಸಿರು ಹನಿ ಬಿದ್ದಾಗಲೂ, 2020ರಲ್ಲಿ ಇಲ್ಲಿನ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ರಸ್ತೆ ಗುಲಾಬಿಯಾದಾಗಲೂ ಅದೇ ಮಾತು. 2016ರ ಮೇ 26ರಂದು ಮತ್ತು 2024ರ ಮೇ 23ರಂದು ಕಾರ್ಖಾನೆಗಳು ಸ್ಫೋಟಿಸಿ ಜನ ಸತ್ತರು, ದೂರದ ಮನೆಗಳ ಗಾಜೂ ಪುಡಿಯಾಯಿತು. ಆಗಲೂ ಓಣಿಯವರ ಬಾಯಲ್ಲಿ ಇದ್ದದ್ದು ಆ ಒಂದೇ ಪದ. ಅವರಿಗೆ ಬೇರೆ ಪದವನ್ನು ಯಾರೂ ಕೊಟ್ಟಿರಲಿಲ್ಲ.

ಭೋಪಾಲ್ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 41ಬಿ ಎಂಬ ಕಲಮು ಸೇರಿತು. ಒಳಗಿನ ಅಪಾಯವೇನು, ಅವಘಡವಾದರೆ ಏನು ಮಾಡಬೇಕು ಎಂಬುದನ್ನು ಕೆಲಸಗಾರರಿಗಷ್ಟೇ ಅಲ್ಲ, ಸುತ್ತಮುತ್ತಲ ಜನರಿಗೂ ತಿಳಿಸುವುದು ಕಾರ್ಖಾನೆಯ ಹೊಣೆಯೆಂದು ಅದು ಹೇಳಿತು. ಆ ಮಾಹಿತಿ ಕಡತದಲ್ಲಿದ್ದರೆ ಏನು ಬಂತು? ಗೇಟಿನ ಮೇಲೆ, ಮರಾಠಿಯಲ್ಲಿ, ದಪ್ಪಕ್ಷರದಲ್ಲಿ ಪ್ರತಿ ಟ್ಯಾಂಕಿನ ಪದಾರ್ಥದ ಹೆಸರಿರಬೇಕು. ಅದರ ಕೆಳಗೆ, ಸೋರಿದರೆ ಯಾವ ಕಡೆ ಓಡಬೇಕು ಎಂದೂ ಬರೆದಿರಬೇಕು.