ಕಾರ್ಟಿಯೇ ಆಭರಣ: ಚದುರಿದ ಹಾರಕ್ಕೆ ಛಾಯಾಚಿತ್ರವೇ ಆಧಾರ

ಫ್ರಾನ್ಸಿನ ಪ್ರಸಿದ್ಧ ಆಭರಣ ಸಂಸ್ಥೆ ಕಾರ್ಟಿಯೇಯ ವಿನ್ಯಾಸ ಪರಂಪರೆಯನ್ನು ಕುರಿತ ಬೃಹತ್ ಪ್ರದರ್ಶನವು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 2025ರ ಏಪ್ರಿಲ್ 12ರಿಂದ ನವೆಂಬರ್ 16ರವರೆಗೆ ನಡೆಯಿತು. ಹೆಲೆನ್ ಮೋಲ್ಸ್‌ವರ್ತ್ ಮತ್ತು ರೇಚಲ್ ಗರಾಹನ್ ಸಂಯೋಜಿಸಿದ್ದ ಈ ಪ್ರದರ್ಶನದಲ್ಲಿ 350ಕ್ಕೂ ಅಧಿಕ ವಸ್ತುಗಳಿದ್ದವು. ಆಭರಣ ಹಾಗೂ ಗಡಿಯಾರಗಳ ಜತೆಗೆ, ಅದುವರೆಗೆ ಸಾರ್ವಜನಿಕರು ಕಾಣದ ವಿನ್ಯಾಸ ಚಿತ್ರಗಳಿಗೂ ಸ್ಥಾನ ದೊರೆತದ್ದು ಇದರ ವೈಶಿಷ್ಟ್ಯ.

ಮೂವರು ಸಹೋದರರು

ಲೂಯಿ ಫ್ರಾನ್ಸ್ವಾ ಕಾರ್ಟಿಯೇ 1847ರಲ್ಲಿ ಪ್ಯಾರಿಸ್‌ನಲ್ಲಿ ಈ ಸಂಸ್ಥೆಯನ್ನು ಆರಂಭಿಸಿದರು. ಅದಕ್ಕೆ ಜಾಗತಿಕ ಖ್ಯಾತಿ ತಂದವರು ಅವರ ಮೊಮ್ಮಕ್ಕಳಾದ ಲೂಯಿ, ಪಿಯರ್ ಮತ್ತು ಝಾಕ್. ಮೂವರೂ ಕ್ರಮವಾಗಿ ಪ್ಯಾರಿಸ್, ನ್ಯೂಯಾರ್ಕ್ ಮತ್ತು ಲಂಡನ್ ಮಳಿಗೆಗಳ ಹೊಣೆ ಹೊತ್ತರು.

1911ರ ದೆಹಲಿ ದರ್ಬಾರಿನ ಸಂದರ್ಭದಲ್ಲಿ ಝಾಕ್ ಭಾರತಕ್ಕೆ ಬಂದರು. ಕೆತ್ತನೆಯ ಪಚ್ಚೆ, ಮಾಣಿಕ್ಯ, ನೀಲಗಳನ್ನು ಒಟ್ಟಿಗೆ ಜೋಡಿಸುವ ಇಲ್ಲಿನ ಶೈಲಿ ಸಂಸ್ಥೆಯ ವಿನ್ಯಾಸದಲ್ಲಿ ಬೇರೂರಿತು. ಮುಂದೆ 'ಟುಟ್ಟಿ ಫ್ರುಟ್ಟಿ' ಎಂದು ಹೆಸರಾದದ್ದು ಇದೇ ಶೈಲಿ.

ರೂಪ ಬದಲಿಸಿದ ಹಾರ

ಈ ಶೈಲಿಯ ಪ್ರಮುಖ ಕೃತಿ, ಡೇಸಿ ಫೆಲೋಸ್ ಎಂಬ ಶ್ರೀಮಂತ ಮಹಿಳೆಗಾಗಿ 1936ರಲ್ಲಿ ತಯಾರಾದ 'ಹಿಂದೂ ಹಾರ'. ಭಾರತೀಯ ಪದ್ಧತಿಯಂತೆ ಅದನ್ನು ಕೊರಳಿಗೆ ದಾರದಿಂದ ಕಟ್ಟಿಕೊಳ್ಳಬೇಕಿತ್ತು. 1951ರಲ್ಲಿ ವೆನಿಸ್‌ನ ಔತಣಕೂಟವೊಂದಕ್ಕೆ ಆಕೆ ಅದನ್ನು ಧರಿಸಿ ಬಂದಾಗ ಸೆಸಿಲ್ ಬೀಟನ್ ಛಾಯಾಚಿತ್ರ ತೆಗೆದರು. 1963ರಲ್ಲಿ ಆಕೆಯ ಮಗಳಿಗಾಗಿ ಹಾರವನ್ನು ಮಾರ್ಪಡಿಸಲಾಯಿತು. ಮೂಲ ರೂಪ ಈಗ ಉಳಿದಿರುವುದು ಚಿತ್ರಗಳಲ್ಲಿ ಮಾತ್ರ.

ಆಭರಣದ ಸ್ವಭಾವವೇ ಇಂಥದು. ಹರಳು ಉಳಿಯುತ್ತದೆ, ವಿನ್ಯಾಸ ಅಳಿಯುತ್ತದೆ. ಹೊಸ ಒಡವೆಗಾಗಿ ಹಳೆಯದನ್ನು ಅಕ್ಕಸಾಲಿಗನ ಮೂಸೆಗೆ ಒಪ್ಪಿಸುವ ರೂಢಿ ನಮ್ಮ ಮನೆಗಳಲ್ಲಿಯೂ ಇದೆ. ಕಾರ್ಟಿಯೇ ತಾನು ತಯಾರಿಸಿದ ಒಡವೆಗಳ ರೇಖಾಚಿತ್ರ, ಗಾಜಿನ ಫಲಕದ ನೆಗೆಟಿವ್ ಹಾಗೂ ಪ್ಲಾಸ್ಟರ್ ಅಚ್ಚುಗಳನ್ನು ಕಾಯ್ದಿರಿಸಿತು. ಈ ದಾಖಲೆಗಳ ಬೆಲೆ ತಿಳಿದದ್ದು ಪಟಿಯಾಲ ಹಾರದ ಪ್ರಕರಣದಲ್ಲಿ.

ಪಟಿಯಾಲ ಹಾರ

ಮಹಾರಾಜ ಭೂಪಿಂದರ್ ಸಿಂಗ್ ಅವರಿಗಾಗಿ 1928ರಲ್ಲಿ ಪೂರ್ಣಗೊಂಡ ಈ ಹಾರದಲ್ಲಿ 2,930 ವಜ್ರಗಳಿದ್ದವು. ನಡುವೆ 234.65 ಕ್ಯಾರೆಟ್‌ನ 'ಡಿ ಬೀರ್ಸ್' ವಜ್ರ ರಾರಾಜಿಸುತ್ತಿತ್ತು. 1948ರ ಸುಮಾರಿಗೆ ಹಾರ ಅರಮನೆಯ ಖಜಾನೆಯಿಂದ ಕಣ್ಮರೆಯಾಯಿತು. 1982ರಲ್ಲಿ ಆ ದೊಡ್ಡ ವಜ್ರವೊಂದೇ ಜಿನೀವಾದ ಹರಾಜಿನಲ್ಲಿ ಪ್ರತ್ಯಕ್ಷವಾಯಿತು. 1998ರಲ್ಲಿ ಲಂಡನ್ನಿನಲ್ಲಿ ಹಾರದ ಚೌಕಟ್ಟು ಸಿಕ್ಕಿತು. ಮುಖ್ಯ ಹರಳುಗಳು ಅದರಲ್ಲಿರಲಿಲ್ಲ.

ಕಾರ್ಟಿಯೇ ಅದನ್ನು ಖರೀದಿಸಿ, ಹಳೆಯ ಛಾಯಾಚಿತ್ರ ಹಾಗೂ ದಾಖಲೆಗಳ ನೆರವಿನಿಂದ 2002ರಲ್ಲಿ ಪುನರ್ನಿರ್ಮಿಸಿತು. ಕಳೆದುಹೋದ ಹರಳುಗಳ ಜಾಗದಲ್ಲಿ ಕೃತಕ ಹರಳುಗಳು ಕೂತವು. ಇದೇ ಲಂಡನ್ ವಸ್ತುಸಂಗ್ರಹಾಲಯವು 2009ರಲ್ಲಿ ಏರ್ಪಡಿಸಿದ್ದ ಭಾರತದ ಮಹಾರಾಜರನ್ನು ಕುರಿತ ಪ್ರದರ್ಶನದಲ್ಲಿ ಜನರು ಕಂಡದ್ದು ಈ ಹಾರವನ್ನೇ.

ಖಜಾನೆಯಿಂದ ಅದನ್ನು ಹೊರಗೆ ಸಾಗಿಸಿದವರು ಯಾರು ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ವಿನ್ಯಾಸವನ್ನು ಮರಳಿಸಿದ ಛಾಯಾಚಿತ್ರಕ್ಕೆ ವಜ್ರಗಳನ್ನು ಮರಳಿಸುವುದು ಸಾಧ್ಯವಾಗಲಿಲ್ಲ.