ಗೆಲುವು ಕುದುರೆಯದು, ಲೆಕ್ಕ ಜಾಕಿಯದು

ಹುಬ್ಬಳ್ಳಿಯ ವಿದ್ಯಾನಗರಕ್ಕೆ ಕುದುರೆ ಜೂಜಿನ ಸುದ್ದಿ ಬರುವುದು ದೂರದಿಂದ. ಮೈಸೂರು ರೇಸ್ ಕ್ಲಬ್ ಸ್ಥಾಪನೆಯಾದದ್ದು 1891ರಲ್ಲಿ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಇಂಡಿಯನ್ ಡರ್ಬಿ ಶುರುವಾದದ್ದು 1943ರಲ್ಲಿ. ಈ ಇತಿಹಾಸವನ್ನು ನಾವು ಅರಸರ, ಮಾಲೀಕರ, ತಳಿಗಳ ಕಥೆಯಾಗಿಯೇ ಓದುತ್ತೇವೆ. ಆದರೆ ಓಟದ ಸ್ವರೂಪವನ್ನು ಬದಲಿಸಿದವರು ಜಾಕಿಗಳು. 1897ರಲ್ಲಿ ಅಮೆರಿಕದ ಟಾಡ್ ಸ್ಲೋನ್ ರಿಕಾಬು ಮೇಲೆತ್ತಿಸಿ, ಕುದುರೆಯ ಕತ್ತಿನ ಮೇಲೆ ಬಾಗಿ ಕೂತು ಇಂಗ್ಲೆಂಡಿನಲ್ಲಿ ಓಡಿಸಿದಾಗ ಜನ ನಕ್ಕರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಸವಾರರೂ ಹಾಗೆಯೇ ಕೂರತೊಡಗಿದರು. ಆರಂಭದ ವೇಗವನ್ನು ಅಳೆದು, ಮುಂಚೂಣಿಯಲ್ಲಿದ್ದೇ ದಮ್ಮು ಉಳಿಸುವುದು ಅವನ ಇನ್ನೊಂದು ಜಾಣ್ಮೆ. ಇಂಡಿಯನ್ ಡರ್ಬಿಯ 2400 ಮೀಟರನ್ನು ಯಾವ ಕುದುರೆಯೂ ಪೂರ್ಣ ವೇಗದಲ್ಲಿ ಓಡಲಾರದು. ಮೊದಲರ್ಧದಲ್ಲಿ ದುಂದು ಮಾಡಿದ ಶಕ್ತಿ ಕೊನೆಯ ನೇರ ಓಟದಲ್ಲಿ ಸಿಗದು.

ಉತ್ತಮ ಕುದುರೆಗೆ ಈ ಲೆಕ್ಕ ಬೇಕಿಲ್ಲ ಎಂಬ ಆಕ್ಷೇಪವಿದೆ. ಅದಕ್ಕೆ ಸಾಕ್ಷಿಯಾಗಿ 1973ರ ಅಮೆರಿಕದ ಬೆಲ್ಮಾಂಟ್ ಓಟವನ್ನು ತೋರಿಸುತ್ತಾರೆ: ಸೆಕ್ರೆಟೇರಿಯಟ್ ಎಂಬ ಕುದುರೆ ಮೊದಲ 1200 ಮೀಟರನ್ನು 70 ಸೆಕೆಂಡಿನೊಳಗೆ ಮುಗಿಸಿಯೂ 31 ಕುದುರೆ ಉದ್ದದ ಅಂತರದಿಂದ ಗೆದ್ದಿತು. ಆದರೆ ಅದಕ್ಕೆ ಸರಿಸಮನಾಗಿ ಓಡಿದ ಶಾಮ್, ಐದು ಕುದುರೆಗಳಲ್ಲಿ ಕೊನೆಯದಾಯಿತು. ಒಂದು ಅಪವಾದವನ್ನು ಕಂಡು ನಿಯಮವನ್ನು ಅಲ್ಲಗಳೆಯುವವರು ಸೋತವನ ಕಡೆ ನೋಡುವುದಿಲ್ಲ. ಕುದುರೆ ಓಟದ ಚರಿತ್ರೆ ಬರೆಯುವವರು ವಿಜೇತರ ಪಟ್ಟಿಯ ಜೊತೆಗೆ ಮೊದಲರ್ಧದ ಸಮಯವನ್ನೂ ದಾಖಲಿಸಬೇಕು.